ಬೆಳಕಿನ ಮೇಜು

ಕಾರ್ಖಾನೆಯಲ್ಲಿ ನನ್ನ ಕೆಲಸ ತಪ್ಪು ಹುಡುಕುವುದು.
ಕೆಳಗಿಂದ ದೀಪ ಉರಿಯುವ ಬಿಳಿ ಮೇಜು,
ಅದರ ಮೇಲೆ ಕಾಡ್ ಮೀನಿನ ಸೀಳು, ಒಂದಾದ ಮೇಲೊಂದು.
ಬೆಳಕು ಹಾದು ಬಂದಾಗ, ಒಳಗೆ ಸುರುಳಿ ಸುತ್ತಿ ಮಲಗಿದ ಹುಳು
ಕಂದು ದಾರದ ತುಂಡಿನ ಹಾಗೆ ಕಾಣುತ್ತದೆ.
ಚಿಮಟದಲ್ಲಿ ಎಳೆಯುತ್ತೇನೆ. ಮುಂದಿನದು.
ಹನ್ನೊಂದು ವರ್ಷವಾಯಿತು. ಈ ಕಣ್ಣಿಗೆ ಬೇರೆ ಕಸುಬು ಬಾರದು.

ಸಂಜೆ ಮನೆಗೆ ಬಂದು, ಮೂರು ಸಲ ಕೈ ತೊಳೆದು
ಅದೇ ಕಣ್ಣಿಟ್ಟು ಮಗಳ ಮೇಲೆ ಬಾಗುತ್ತೇನೆ.

ಡಿಸೆಂಬರಿನ ಮೊದಲ ವಾರ ಹುಟ್ಟಿದವಳು.
ಹೆಸರಿಟ್ಟಿಲ್ಲ ಇನ್ನೂ; ನಮ್ಮಲ್ಲಿ ಅವಸರವಿಲ್ಲ.
ಯಾರು ಬಂದಿದ್ದಾರೆಂದು ಮೊದಲು ಗೊತ್ತಾಗಲಿ,
ಆಮೇಲೆ ಕರೆಯೋಣ ಅಂದಿದ್ದಳು ಸ್ಟೈನ್‌ವೋರ್.
ಆಗ ನಕ್ಕಿದ್ದೆ. ಈಗ ಆ ಮಾತು ಅಂಗಾಲಿನ ಮುಳ್ಳು.

ಏಳು ವಾರ. ನಗುವುದಿಲ್ಲ.
ಕಣ್ಣಿಗೆ ಕಣ್ಣು ಕೂಡಿಸುವುದಿಲ್ಲ,
ನನ್ನ ಕಿವಿಯ ಪಕ್ಕ ಯಾರೋ ನಿಂತಿದ್ದಾರೆ ಎಂಬಂತೆ
ಅಲ್ಲಿ ನೋಡುತ್ತಾಳೆ.
ನಾನೂ ಒಮ್ಮೆ ತಿರುಗಿ ನೋಡಿದ್ದೇನೆ.

ದೀಪ ಆರಿಸಿ ಟಾರ್ಚು ಹಿಡಿಯುತ್ತೇನೆ: ಎಡಕ್ಕೆ, ಬಲಕ್ಕೆ.
ಅರ್ಧ ದಾರಿ ಬರುತ್ತವೆ ಕಣ್ಣು, ಅಲ್ಲೇ ನಿಲ್ಲುತ್ತವೆ.
ಪುಸ್ತಕದಲ್ಲಿ ಬರೆಯುತ್ತೇನೆ: ಅರ್ಧ.
ಮರುದಿನ: ಅರ್ಧಕ್ಕಿಂತ ಕಡಿಮೆ.
ಮರುದಿನ: ನಿದ್ದೆ ಇತ್ತೇನೋ.

ಒಂದು ರಾತ್ರಿ ಎಚ್ಚರವಾಗಿ ಬಂದರೆ
ಅಡುಗೆಮನೆಯ ಕತ್ತಲಲ್ಲಿ ಸ್ಟೈನ್‌ವೋರ್,
ಮಡಿಲಲ್ಲಿ ಮಗು. ಮಗುವಿನ ತಲೆಯ ಹಿಂದೆ
ಬಟ್ಟಲಿಗೆ ಚಮಚ ತಾಗಿಸುತ್ತಿದ್ದಾಳೆ,
ಮೆಲ್ಲಗೆ, ನನಗೆ ಕೇಳಿಸಬಾರದೆಂದು.
ಹಸಿವಾಯಿತಾ ಅಂದೆ. ಹೂಂ ಅಂದಳು.
ಇಬ್ಬರೂ ನಿಂತೇ ಬ್ರೆಡ್ಡು ತಿಂದೆವು.

ದಾದಿ ತೂಕ ನೋಡಿದಳು, ತಲೆಯ ಸುತ್ತಳತೆ ನೋಡಿದಳು,
ಇನ್ನೆರಡು ವಾರ ನೋಡೋಣ ಅಂದಳು.
ನೋಡೋಣ ಅನ್ನುವುದು ಅವಳಿಗೆ ಒಂದು ಮಾತು.
ನಮಗೆ ಹದಿನಾಲ್ಕು ಹಗಲು,
ಹಗಲೆಂದು ಕರೆಯಬಹುದಾದರೆ.
ನೀನೂ ಮೂರು ತಿಂಗಳು ಸತ್ತ ಮೀನಿನ ಹಾಗೆ
ಛಾವಣಿ ನೋಡುತ್ತಿದ್ದೆ ಕೆಟಿಲ್, ಅಂದಳು ಅತ್ತೆ ಆರ್ನ್‌ಗುನ್ನುರ್.
ಸಮಾಧಾನಕ್ಕೆ ಹೇಳಿದ್ದು.
ನನಗೆ ಹೊಸದೊಂದು ಭಯ ಸಿಕ್ಕಿತು: ನನ್ನಿಂದಲೇ ಬಂತೇ?

ಇಸಾಫ್ಯೋರ್ದುರಿನಲ್ಲಿ ನವೆಂಬರ್ ಕೊನೆಗೆ
ಸೂರ್ಯ ಕಾಣುವುದನ್ನು ನಿಲ್ಲಿಸುತ್ತಾನೆ.
ಬೆಟ್ಟ ಎತ್ತರ, ಅವನು ಗಿಡ್ಡ.
ಜನವರಿ ಮುಗಿಯುವ ಹೊತ್ತಿಗೆ ಒಂದು ದಿನ
ಶಿಖರದ ತಗ್ಗಿನಿಂದ ಹಣೆಯಷ್ಟೇ ತೋರಿಸುತ್ತಾನೆ.
ಅಂದು ಊರೆಲ್ಲ ತೆಳುದೋಸೆ ಹುಯ್ದು, ಕೆನೆ ಹಚ್ಚಿ,
ಬಿಸಿಲ ಹೆಸರಿನಲ್ಲಿ ಕಾಫಿ ಕುಡಿಯುತ್ತದೆ.

ಮಗುವನ್ನು ಕಂಬಳಿಯಲ್ಲಿ ಸುತ್ತಿ ಕಿಟಕಿಗೆ ತಂದೆ.
ಹುಟ್ಟಿದಂದಿನಿಂದ ಸೂರ್ಯನನ್ನೇ ಕಾಣದ ಜೀವ.
ಇದಕ್ಕಾದರೂ ಕಣ್ಣು ತಿರುಗಿಸು ಅಂದುಕೊಂಡೆ;
ಬೇಡಿಕೊಂಡೆ ಅಂದರೂ ಸರಿ.

ಬಂತು. ಎದುರು ಮನೆಯ ತಗಡಿನ ಮೇಲೆ,
ನಮ್ಮ ಮೇಜಿನ ಮೇಲೆ, ಸಕ್ಕರೆಯ ಮೇಲೆ, ನನ್ನ ಮುಖದ ಮೇಲೆ.
ಅವಳು ಸೂರ್ಯನನ್ನು ನೋಡಲಿಲ್ಲ.
ಸೀನಿದಳು. ಮತ್ತೆ ಸೀನಿದಳು.
ಹುಬ್ಬು ಗಂಟಿಕ್ಕಿ, ತಕರಾರಿರುವ ಗಿರಾಕಿಯ ಹಾಗೆ
ನನ್ನ ಗಡ್ಡವನ್ನೇ ನೋಡಿದಳು, ಬಹಳ ಹೊತ್ತು.

ಆಗ ಹೊಳೆಯಿತು: ಇಷ್ಟು ದಿನ
ಟಾರ್ಚಿನ ಹಿಂದೆ ನಾನು ಕತ್ತಲಲ್ಲಿದ್ದೆ.
ಬೆಳಕನ್ನು ತೋರಿಸಿದ್ದೆ, ಮುಖವನ್ನಲ್ಲ.
ತೋರಿಸಿದ್ದರೂ ಎಂಥ ಮುಖ ಅದು,
ಹುಳು ಹುಡುಕುವವನದು.

ಇದರಿಂದ ಏನೂ ಸಿದ್ಧವಾಗುವುದಿಲ್ಲ, ಬಲ್ಲೆ.
ನಗಲಿಲ್ಲ ಅವಳು. ಗುರುವಾರ ಮತ್ತೆ ದಾದಿ ಬರುತ್ತಾಳೆ.
ಬಿಸಿಲು ನಾಲ್ಕು ನಿಮಿಷ ಇದ್ದು ಹೋಯಿತು,
ದೋಸೆ ತಣ್ಣಗಾಯಿತು.
ಸ್ಟೈನ್‌ವೋರ್ ಪುಸ್ತಕ ತೆಗೆದು, ನನ್ನ ಅಕ್ಷರದ ಕೆಳಗೆ
ತನ್ನ ಅಕ್ಷರದಲ್ಲಿ ಬರೆದಳು:
ಎರಡು ಸೀನು. ಅಪ್ಪನಿಗೆ ಕ್ಷೌರ ಬೇಕು.